ಕೋಡಿ ಬಿದ್ದ ವರ್ಷ, ಗೇಟಿನ ಕರಿಹಲಗೆ

ಹೊಸದುರ್ಗದಿಂದ ಹಿರಿಯೂರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತರೆ, ಹಿರಿಯೂರು ಇನ್ನೂ ದೂರವಿರುವಾಗಲೇ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ತೆಂಗಿನ ಚಿಪ್ಪು ಸುಟ್ಟ ವಾಸನೆ. ಒಲೆಗೆ ಚಿಪ್ಪು ತುರುಕಿ ನೀರು ಕಾಯಿಸಿದವರಿಗೆ ಅದು ಬಚ್ಚಲುಮನೆಯ ನೆನಪು ತರಬಹುದು. ನನಗೆ ನೆನಪಾಗುವುದು ಒಂದು ಕರಿಹಲಗೆ, ಒಂದು ಚೂರು ಸೀಮೆಸುಣ್ಣ, ಮತ್ತು ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ಆ ಸೆಪ್ಟೆಂಬರ್. ಮೊನ್ನೆ ಆ ವಾಸನೆ ಬಂದದ್ದೇ ತಡ, ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. "ಇಲ್ಲಿ ಸ್ಟಾಪಿಲ್ಲ ಮೇಡಂ" ಎಂದ ಕಂಡಕ್ಟರ್. "ನಂಗೈತೆ, ನಿಲ್ಸಪ್ಪ" ಎಂದು ಇಳಿದೇಬಿಟ್ಟೆ.

ನಾನು ತುರುವನೂರಿನವಳು. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು. ಈಗ ಚಿತ್ರದುರ್ಗದಲ್ಲಿದ್ದುಕೊಂಡು ಜಿಲ್ಲೆಯ ಸಣ್ಣಪುಟ್ಟ ಕಾರ್ಖಾನೆಯವರಿಗೆ ಒಂದೇ ವಿದ್ಯೆ ಕಲಿಸುತ್ತೇನೆ: ನೀವು ಗಾಳಿಗೆ, ನೀರಿಗೆ, ಮಣ್ಣಿಗೆ ಏನೇನು ವಿಷ ಬಿಡುತ್ತೀರೋ ಅದನ್ನು ಸರ್ಕಾರಕ್ಕೆ ಮುಚ್ಚುಮರೆಯಿಲ್ಲದೆ ತಿಳಿಸುವುದು ಹೇಗೆ. ಕೇಳುವವರಿಗೆ ಆಕಳಿಕೆ ತರಿಸುವ ಕೆಲಸ. ಮದುವೆ ಮನೆಯಲ್ಲಿ "ಏನ್ ಕೆಲ್ಸ ಮಾಡ್ತೀಯವ್ವ" ಎಂದು ಕೇಳಿದವರು ನಾನು ಉತ್ತರ ಮುಗಿಸುವ ಮೊದಲೇ ಹೋಳಿಗೆ ಬಡಿಸುವವನ ಕಡೆ ತಿರುಗಿರುತ್ತಾರೆ. ನನಗೇನೂ ಬೇಸರವಿಲ್ಲ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆ, ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಕಲಿತದ್ದು ಮಾತ್ರ ಕಾಲೇಜಿನಲ್ಲಲ್ಲ, ಈ ರಸ್ತೆ ಬದಿಯ ಇದ್ದಿಲು ಕಾರ್ಖಾನೆಯ ಗೇಟಿನಲ್ಲಿ.

ಇದ್ದಿಲು ಎಂದರೆ ಒಲೆಯ ಇದ್ದಿಲಲ್ಲ. ಚಿಪ್ಪನ್ನು ಸುಟ್ಟು, ಆ ಇದ್ದಿಲನ್ನು ಉಗಿಯಲ್ಲಿ ಹದ ಮಾಡಿ, ಆಮೇಲೆ ಆಸಿಡ್‌ನಲ್ಲಿ ತೊಳೆದು ತಯಾರಿಸುವ ಪುಡಿ. ಮನೆಯ ವಾಟರ್ ಫಿಲ್ಟರ್ ಒಳಗೆ ಕಪ್ಪಗೆ ಇರುತ್ತದಲ್ಲ, ಅದು. ಊರಿನ ನೀರನ್ನೆಲ್ಲ ಶುದ್ಧ ಮಾಡುವ ಆ ಪುಡಿಯನ್ನು ತೊಳೆದ ನೀರು ಮಾತ್ರ ಮಹಾ ಕೆಟ್ಟದ್ದು. ಅದಕ್ಕೆ ಸುಣ್ಣದ ನೀರು ಬೆರೆಸಿ ಹುಳಿ ಮುರಿದು, ತಿಳಿಯಾದ ಮೇಲೆ ಕಾರ್ಖಾನೆಯ ಗಿಡಗಳಿಗೆ ಬಿಡಬೇಕು. ಮಿಕ್ಕಿದ್ದನ್ನು ಪಕ್ಕದ ಹಳ್ಳಕ್ಕೆ ಬಿಡಲು ಅನುಮತಿ ಇತ್ತು. ಆ ಹಳ್ಳ ಮುಂದೆ ಹೋಗಿ ವೇದಾವತಿ ಸೇರುತ್ತದೆ.

ಕಾರ್ಖಾನೆಯ ಯಜಮಾನರು ರುದ್ರಪ್ಪನವರು. ಎಲ್ಲರ ಬಾಯಲ್ಲೂ ಸಾವ್ಕಾರ್ರು. ಹಿರಿಯೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟು ಮೇಲೆ ಬಂದವರು. ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. ಸಿಟ್ಟು ಬಂದಷ್ಟೇ ಬೇಗ ಇಳಿಯುತ್ತಿತ್ತು ಅನ್ನುವುದೊಂದೇ ನಮ್ಮ ಪುಣ್ಯ.

ಪರಿಸರದ ಲೆಕ್ಕ ನೋಡಿಕೊಳ್ಳಲು ನಾನು ಸೇರಿದ ದಿನವೇ ನನಗೂ ಅವರಿಗೂ ಜಟಾಪಟಿಯಾಯಿತು. ಅಪಾಯದ ರಾಸಾಯನಿಕ ಬಳಸುವ ಕಾರ್ಖಾನೆ ತನ್ನ ಗೇಟಿನ ಹೊರಗೆ ಬೋರ್ಡು ಹಾಕಬೇಕು, ಒಳಗೆ ಯಾವ ವಿಷ ಇದೆ, ಹೊರಗೆ ಎಷ್ಟು ಬಿಡುತ್ತೇವೆ ಎಂದು ದಾರಿಹೋಕರಿಗೂ ಕಾಣುವಂತೆ ಬರೆಯಬೇಕು ಎಂಬ ನಿಯಮವಿದೆ. ನಮ್ಮಲ್ಲೂ ಬೋರ್ಡಿತ್ತು. ಸುತ್ತ ಕಮಲದ ಬಳ್ಳಿ, ಮೇಲೆ ಓಂಕಾರ, ನಡುವೆ ಹಳದಿ ಬಣ್ಣದಲ್ಲಿ ಮುದ್ದಾದ ಅಂಕಿಗಳು. ಕಾರ್ಖಾನೆ ಶುರುವಾದಾಗ ಪೇಂಟರ್ ಬರೆದ ಅಂಕಿಗಳವು. ಆಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಮುಟ್ಟಿದ್ದು ಆಯುಧ ಪೂಜೆಗೆ ಮಾತ್ರ: ಯಂತ್ರಗಳಿಗೆ ಬಳಿದಂತೆ ಬೋರ್ಡಿಗೂ ಅಡ್ಡಡ್ಡ ವಿಭೂತಿ ಪಟ್ಟೆ ಬಳಿದು, ಅರ್ಧ ಅಂಕಿಗಳನ್ನು ದೇವರೇ ಮುಚ್ಚಿಬಿಟ್ಟಿದ್ದ.

"ಇದು ಇವತ್ತಿನ ಲೆಕ್ಕ ಅಲ್ಲವಲ್ಲ ಸಾವ್ಕಾರ್ರೆ?" ಎಂದೆ.

"ಬೋರ್ಡ್ ಇರ್ಬೇಕು ಅಂದ್ರು, ಐತೆ. ಅದರಲ್ಲಿ ಇವತ್ತು ನಾಳೆ ಏನು? ಎಲ್ಲಾ ಫ್ಯಾಕ್ಟ್ರಿಯೋರೂ ಹಿಂಗೇ ಹಾಕ್ಯಾರೆ. ದಿನಾ ಪೇಂಟರ್ ಕರ್ಸಾಣೇನು?"

ಪೇಂಟರ್ ಬೇಡ ಎಂದೆ. ನಿಮ್ಮ ಮಂಡಿಯಲ್ಲಿ ದಿನದ ರೇಟು ಹೇಗೆ ಬರೆಯುತ್ತಿದ್ದಿರೋ ಹಾಗೆ ಬರೆಯೋಣ, ಕರಿಹಲಗೆ, ಸೀಮೆಸುಣ್ಣ, ಒರೆಸಲು ಒಂದು ಬಟ್ಟೆ. ಅವರ ಮುಖ ಅರಳಿತು. ಗೋಡೌನಿನ ಮೂಲೆಯಲ್ಲಿದ್ದ ತಮ್ಮ ಹಳೇ ಮಂಡಿ ಹಲಗೆಯನ್ನೇ ಹೊರಗೆ ತರಿಸಿದರು. ಅದರ ತಲೆಯ ಮೇಲೆ ದೊಡ್ಡಕ್ಷರದಲ್ಲಿ 'ಇಂದಿನ ದರ' ಎಂದಿತ್ತು.

"ಈ ಹಲಗೆ ಕತೆ ಕೇಳವ್ವ ವಿಮಲಾ," ಎಂದು ಶುರು ಮಾಡಿದರು. "ಒಂದ್ ಸಾರಿ ಕೊಬ್ಬರಿ ರೇಟು ದಬಕ್ಕಂತ ಬಿತ್ತು. ಮಂಡಿ ತುಂಬ ರೈತರು ಮಾಲು ತಂದು ಕುಂತವ್ರೆ. ಪಕ್ಕದ ಅಂಗಡಿಯೋರೆಲ್ಲ ಹಲಗೆ ಒರಸ್ಕಂಡು ಒಳಗೆ ಇಟ್ಕಂಡ್ರು. ಯಾರು ಬೈಸ್ಕಳಾದು ಅಂತ. ನಾನೊಬ್ಬನೇ ಬಿದ್ದ ರೇಟು ಬರ್ದೆ. ಬಾಯಿಗೆ ಬಂದಂಗೆ ಬೈದ್ರು. ಮುಂದಿನ ವಾರ ನೋಡಿದ್ರೆ ಅವರೆಲ್ಲ ನನ್ನ ಅಂಗಡಿಗೇ ಮಾಲು ತಂದ್ರು. ಯಾಕೇಳು?"

"ನೀವು ಸುಳ್ಳು ಬರೆಯಲ್ಲ ಅಂತ."

"ಹೂಂ. ಅಷ್ಟೇಯ ವ್ಯಾಪಾರ ಅಂದ್ರೆ."

ಈ ಮಾತನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ. ಯಾವತ್ತೋ ಬೇಕಾಗುತ್ತದೆ ಅನ್ನಿಸಿತ್ತು.

ಹಲಗೆಯ ಮೇಲಿನ 'ಇಂದಿನ ದರ'ಕ್ಕೆ ಒಂದು ಕೈ ಕರಿ ಬಣ್ಣ ಹೊಡೆಸಿದೆವು. ಎರಡು ಕೈ ಹೊಡೆಸಬೇಕಿತ್ತು, ಸಾವ್ಕಾರ್ರು ಒಂದು ಸಾಕೆಂದರು. ಕೆಳಗೆ 'ಹೊರಬಿಡುವ ನೀರಿನ ಹುಳಿ' ಎಂದು ಬರೆದು, ಪ್ರತಿದಿನ ಬೆಳಿಗ್ಗೆ ನೀರಿನ ಪಿಎಚ್ ಅಳೆದು ಅಂಕಿ ತುಂಬಿಸತೊಡಗಿದೆ. ಪಿಎಚ್ ಅಂದರೆ ನೀರು ಎಷ್ಟು ಹುಳಿ ಎಂದು ಹೇಳುವ ಅಳತೆ. ಏಳರ ಆಸುಪಾಸು ಇದ್ದರೆ ನೀರು ಸಾದಾ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನನ್ನ ಹಲಗೆಯ ಮೇಲೆ ಒಂದು ದಿನ ಏಳು, ಒಂದು ದಿನ ಏಳೂವರೆ, ಹೀಗೆ.

ಮುಂಗಾರಿನ ಮೊದಲ ಮಳೆಗೇ ಆ ಒಂದು ಕೈ ಬಣ್ಣ ತೊಳೆದು ಹೋಗಿ 'ಇಂದಿನ ದರ' ಮತ್ತೆ ಮುಖ ತೋರಿಸಿತು. ಆಗ ಚಿಪ್ಪಿನ ರೇಟೂ ಕೆಜಿಗೆ ಏಳರ ಆಚೀಚೆಯೇ ಓಡುತ್ತಿತ್ತು. ಮುಂದೆ ಆಗಬಾರದ್ದು ಆಯಿತು.

ಹೊಸದುರ್ಗದಿಂದ ಚಿಪ್ಪಿನ ಲೋಡು ತರುತ್ತಿದ್ದ ಓಂಕಾರಪ್ಪ ಎಂಬ ವ್ಯಾಪಾರಿ ಒಂದು ದಿನ ತೂಕದ ಮನೆಯ ಮುಂದೆ ಟ್ರಾಕ್ಟರ್ ಅಡ್ಡ ನಿಲ್ಲಿಸಿ ಜಗಳಕ್ಕೆ ನಿಂತ. "ಗೇಟಲ್ಲಿ ಏಳೂವರೆ ಬರ್ದೀರಿ, ಒಳಗೆ ಏಳು ಕೊಡ್ತೀರಿ. ಇದೆಂಥ ನ್ಯಾಯ?"

ನಾನು ಓಡಿ ಹೋಗಿ ಅದು ಚಿಪ್ಪಿನ ರೇಟಲ್ಲ, ನೀರಿನ ಅಳತೆ ಎಂದೆ. ಆತ ಟವೆಲ್ ತೆಗೆದು ಮುಖ ಒರೆಸಿಕೊಂಡ. "ನೀರಿಗೂ ರೇಟು ಮಾಡಿದ್ರಾ? ಅಬ್ಬಬ್ಬ, ಏನ್ ಸಾವ್ಕಾರನಪ್ಪ ಇವ್ನು!"

ಆಫೀಸಿನವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಆದರೆ ನಗುತ್ತಲೇ ಒಂದು ವಿಷಯ ತಲೆಗೆ ಹೊಳೆಯಿತು. ಕಮಲದ ಬಳ್ಳಿಯ ಬೋರ್ಡನ್ನು ಅಷ್ಟು ವರ್ಷ ಒಂದು ನರಪಿಳ್ಳೆಯೂ ಓದಿರಲಿಲ್ಲ. ಈ ಹಲಗೆಯನ್ನು ದಾರಿಯಲ್ಲಿ ಹೋಗುವವರೆಲ್ಲ ಓದುತ್ತಿದ್ದರು. ತೆಂಗು ಬೆಳೆಯುವ ಸೀಮೆಯ ಜನಕ್ಕೆ ಕರಿಹಲಗೆ ಮೇಲೆ ಸೀಮೆಸುಣ್ಣದ ಅಂಕಿ ಕಂಡರೆ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ಬೈಕು ನಿಧಾನ ಮಾಡಿ ನೋಡಿ ಹೋಗುತ್ತಾರೆ, ಟೀ ಅಂಗಡಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಸರ್ಕಾರ ಇಷ್ಟು ವರ್ಷ ಬಯಸಿದ್ದು ಇದೇ ತಾನೆ? ಹಲಗೆಗೆ ಎರಡನೇ ಕೈ ಬಣ್ಣ ಹೊಡೆಸುವ ಯೋಚನೆ ನಾನು ಅಲ್ಲಿಗೇ ಬಿಟ್ಟೆ. ಕೇಳಿದವರಿಗೆ ಬಿಡಿಸಿ ಹೇಳುತ್ತಿದ್ದೆ, ಕೇಳದವರು ಕೇಳುವವರೆಗೆ ಕಾಯುತ್ತಿದ್ದೆ. ಸುತ್ತಲಿನವರು ನನಗೆ ಬೋರ್ಡಮ್ಮ ಎಂದು ಹೆಸರಿಟ್ಟರು.

ಕೇಳಿದವರಲ್ಲಿ ಕೆಂಚಮ್ಮ ಒಬ್ಬಳು. ಕುರಿಯವಳು. ಗಂಡ ದೊಡ್ಡ ಹಿಂಡು ಹೊಡೆದುಕೊಂಡು ಆಂಧ್ರದ ಕಡೆ ಹೋದರೆ, ಇವಳು ಮರಿಗಳನ್ನೂ ಗಬ್ಬದ ಕುರಿಗಳನ್ನೂ ಇಟ್ಟುಕೊಂಡು ಇಲ್ಲಿಯ ತೆಂಗಿನ ತೋಟಗಳಲ್ಲಿ ಗೊಬ್ಬರಕ್ಕೆಂದು ಮಂದೆ ಬಿಡುತ್ತಿದ್ದಳು. ಮಧ್ಯಾಹ್ನ ನೀರಿಗೆ ನಮ್ಮ ಹಳ್ಳಕ್ಕೇ ಬರುವುದು. ಓದು ಬಾರದು, ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಗೇಟಿನಲ್ಲಿ ಕೋಲೂರಿ ನಿಂತು ಕೇಳಿದಳು, "ನಿನ್ ಹಲಗೆಯಾಗೆ ಏನೈತೆ ಹೇಳವ್ವ. ಚಿಪ್ಪಿನ ರೇಟಲ್ಲ ಅಂತಾರೆ."

"ಹಳ್ಳಕ್ಕೆ ಬಿಡೋ ನೀರಿಂದು ಕೆಂಚಮ್ಮಕ್ಕ. ಏಳಿದ್ರೆ ಕುಡಿಯೋ ನೀರಿದ್ದಂಗೆ. ಐದಕ್ಕಿಂತ ಕೆಳಗಿಳಿದ್ರೆ ಮಜ್ಜಿಗೆ ಹುಳಿ. ಮೂರಕ್ಕೆ ಇಳಿದ್ರೆ ನಿಂಬೆಹಣ್ಣಿಗಿಂತ ಸ್ವಲ್ಪ ಕಡಿಮೆ. ಅದ್ರ ಜೊತೆ ಆಸಿಡ್‌ನಾಗೆ ಕರಗಿದ ಬೂದಿ, ಉಪ್ಪು ಎಲ್ಲಾ ಇರ್ತಾವೆ."

"ನಿಂಬೆಹಣ್ಣಿನ ನೀರು ಕುರಿ ಕುಡೀತಾವೇನು! ಹೊಟ್ಟೆ ಉರ್ಕಂಡು ಸಾಯ್ತಾವೆ," ಎಂದು ಹೊರಟಳು. ಹೋಗುವಾಗ ಬೆರಳೆತ್ತಿ ಎಚ್ಚರಿಕೆ ಕೊಟ್ಟಳು. "ದಿನಾ ನೋಡ್ಕಂತೀನಿ. ಸುಳ್ಳು ಬರ್ದೀಯ ಮತ್ತೆ."

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ಕಡೆ ಮಳೆಗಾಲ ಅಂದರೆ ಮೋಡ ನೋಡಿ ಸಮಾಧಾನಪಡುವ ಕಾಲ. ಆ ವರ್ಷ ಮಾತ್ರ ಹೊಲದಲ್ಲಿ ಕಾಲಿಟ್ಟರೆ ಮೊಣಕಾಲ ತನಕ ಕೆಸರು. ಕೆರೆಗಳು ತುಂಬಿ ಒಂದರ ನೀರು ಇನ್ನೊಂದಕ್ಕೆ ಹರಿಯಿತು. ಮಾರಿಕಣಿವೆಯ ನೀರು ದಿನದಿನಕ್ಕೂ ಏರಿತು. ಟೀ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ, ಕೋಡಿ ಬೀಳುತ್ತಾ ಇಲ್ಲವಾ. ಅಜ್ಜಂದಿರ ಕಾಲದಲ್ಲಿ ಒಮ್ಮೆ ಕೋಡಿ ಬಿದ್ದದ್ದನ್ನು ಕೇಳಿದವರಿದ್ದರೇ ಹೊರತು ನೋಡಿದವರು ಯಾರೂ ಉಳಿದಿರಲಿಲ್ಲ. ಕೊನೆಗೆ ಒಂದು ದಿನ ಬಿದ್ದೇಬಿಟ್ಟಿತು. ಜಿಲ್ಲೆಗೆ ಜಿಲ್ಲೆಯೇ ಕಣಿವೆಯ ಕಡೆ ಹೊರಟಿತು. ಹೊಳಲ್ಕೆರೆಯಿಂದ, ಚಳ್ಳಕೆರೆಯಿಂದ, ಎಲ್ಲೆಲ್ಲಿಂದಲೋ ಟೆಂಪೋ, ಟ್ರಾಕ್ಟರ್, ಬೈಕು. ಹಿರಿಯೂರಿನ ಕಡೆಯಿಂದ ಹೋಗುವವರೆಲ್ಲ ನಮ್ಮ ಗೇಟಿನ ಮುಂದೆಯೇ ಹೋಗಬೇಕು.

ನನಗೆ ಹೋಗಲು ಪುರುಸೊತ್ತಿರಲಿಲ್ಲ. ಸೆಪ್ಟೆಂಬರ್ ಮುಗಿಯುವುದರೊಳಗೆ ವರ್ಷದ ಪರಿಸರ ವರದಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ಎಷ್ಟು ನೀರು ಬಳಸಿದಿರಿ, ಎಷ್ಟು ಆಸಿಡ್ ತಂದಿರಿ, ಏನು ಹೊರಗೆ ಹೋಯಿತು. ಅದರ ಹಿಂದೆಯೇ ಕಾರ್ಖಾನೆಯ ಅನುಮತಿ ನವೀಕರಣವೂ ಬರುವುದಿತ್ತು. ಅದು ಸಿಗದಿದ್ದರೆ ಗೇಟಿಗೆ ಬೀಗ. ಹಾಗಾಗಿ ಕಂಪ್ಯೂಟರಿನ ಮುಂದೆ ಕುಳಿತು, ರಸ್ತೆಯಲ್ಲಿ ಕೇಕೆ ಹಾಕಿಕೊಂಡು ಹೋಗುವವರನ್ನು ಕಂಡು ಹೊಟ್ಟೆ ಉರಿಸಿಕೊಳ್ಳುತ್ತಾ ಕೆಲಸ ಮಾಡುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಎಂದಿನಂತೆ ಹಲಗೆಗೆ ಬರೆಯಲು ನೀರು ತರಲು ಹೋದೆ. ನೀರು ಹೊರಬೀಳುವ ಕಡೆ ಪರೀಕ್ಷೆಯ ಕಾಗದ ಅದ್ದಿದರೆ ಕಾಗದ ಕೆಂಪಾಯಿತು. ಮೀಟರ್ ಇಟ್ಟು ನೋಡಿದೆ. ಮೂರು. ಹುಳಿ ಮುರಿಯುವ ತೊಟ್ಟಿಯ ಹತ್ತಿರ ಓಡಿದರೆ ಸುಣ್ಣದ ಪೈಪು ಗಟ್ಟಿ ಕಟ್ಟಿಕೊಂಡು ನಿಂತಿದೆ, ಆಸಿಡ್ ನೀರು ತೊಟ್ಟಿಯ ಅಂಚು ದಾಟಿ ಮಳೆನೀರಿನ ಚರಂಡಿಗೆ ಇಳಿದು ಹಳ್ಳದ ಕಡೆ ಹರಿಯುತ್ತಿದೆ. ತೊಟ್ಟಿ ನೋಡಿಕೊಳ್ಳಬೇಕಾದ ಆಪರೇಟರ್ ತಿಮ್ಮೇಶಿಯ ಪತ್ತೆಯಿಲ್ಲ. ಬೆಳಗಿನ ಪಾಳಿಯವರೆಲ್ಲ ಖಾಲಿ.

ವಾಚ್‌ಮನ್ ಹನುಮಂತಪ್ಪನೂ ನಾನೂ ಸೇರಿ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದೆವು. ಚರಂಡಿಗೆ ಮಣ್ಣಿನ ಚೀಲ ಅಡ್ಡ ಹಾಕಿದೆವು. ಆಮೇಲೆ ತಿಮ್ಮೇಶಿಗೆ ಫೋನ್ ಮಾಡಿದೆ.

"ಮೇಡಂ, ಕಣಿವೆ ತಾವ ಇದೀನಿ!" ಎಂದು ಕೂಗಿದ. ಹಿಂದೆ ನೀರಿನ ಭೋರ್ಗರೆತ. "ಏನ್ ನೀರು ಅಂತೀರಿ! ಜಲ್ದಿ ಬರ್ರಿ ನೀವೂ!"

"ತಿಮ್ಮೇಶಿ, ನಮ್ದೂ ಕೋಡಿ ಬಿದ್ದೈತೆ ಕಣಪ್ಪ. ಆಸಿಡ್ ತೊಟ್ಟಿ."

"ಬಂದೆ ಮೇಡಂ," ಎಂದು ಫೋನ್ ಇಟ್ಟ.

ಸಾವ್ಕಾರ್ರಿಗೆ ಮಾಡಿದರೆ ಅವರೂ ಮನೆಮಂದಿಯನ್ನೆಲ್ಲ ಕರೆದುಕೊಂಡು ಅಲ್ಲೇ ಇದ್ದರು. "ನಾನು ಬರೋತನಕ ಯಾರಿಗೂ ಏನೂ ಹೇಳ್ಬ್ಯಾಡ," ಎಂದರು. ಅಪಘಾತದಿಂದ ವಿಷ ನೀರಿಗೆ ಬಿದ್ದರೆ ತಕ್ಷಣ ಮಂಡಳಿಗೆ ತಿಳಿಸಬೇಕು ಎಂದು ಕಾನೂನಿದೆ. ತಕ್ಷಣ ಅಂದರೆ ಸಾವ್ಕಾರ್ರು ಬಂದ ಮೇಲೆ ಅಂತಲ್ಲ. ಚಿತ್ರದುರ್ಗದ ಕಚೇರಿಗೆ ಫೋನ್ ಮಾಡಿ, ಏನಾಯಿತು, ಎಲ್ಲಿಗೆ ಹರಿಯಿತು, ಏನು ಮಾಡಿದ್ದೇವೆ ಎಂದು ಹೇಳಿದೆ. ಬರಹದಲ್ಲೂ ಕಳಿಸಿ, ಸ್ಯಾಂಪಲ್ ತೆಗೆಯಲು ಜನ ಹೊರಡುತ್ತಾರೆ ಎಂದರು. ಅಲ್ಲಿಗೆ ಕಾನೂನಿನ ಲೆಕ್ಕದಲ್ಲಿ ನನ್ನ ಕೆಲಸ ಮುಗಿದಿತ್ತು. ಆದರೆ ಹಳ್ಳದ ನೀರು ಹಾಗೇ ಇತ್ತು. ವೇದಾವತಿ ಸೆಳೆತಕ್ಕೆ ಹೆದರಿ ದನಕುರಿಯವರೆಲ್ಲ ಆ ವಾರ ನದಿಗೆ ಇಳಿಯದೆ ಹಳ್ಳವನ್ನೇ ನಂಬಿದ್ದರು. ಅಲ್ಲಿಯವರಿಗೆ ಹೇಳಿ ಬರಲು ಹನುಮಂತಪ್ಪನನ್ನು ಮೊಪೆಡ್ ಮೇಲೆ ಹಳ್ಳದ ಕೆಳದಂಡೆಗೆ ಓಡಿಸಿದೆ. ಮೇಲ್ದಂಡೆಯಿಂದ ಬರುವ ಕೆಂಚಮ್ಮನ ಹತ್ತಿರ ಫೋನೂ ಇರಲಿಲ್ಲ, ಮಂದೆ ಯಾವ ತೋಟದಲ್ಲಿದೆ ಎಂದು ನನಗೆ ಗೊತ್ತೂ ಇರಲಿಲ್ಲ. ಅವಳು ಬರುವುದು ನಮ್ಮ ಗೇಟಿನ ಮುಂದಿನ ದಾರಿಯಲ್ಲೇ. ಸೀಮೆಸುಣ್ಣ ತೆಗೆದುಕೊಂಡು ಗೇಟಿಗೆ ಬಂದು ನಿನ್ನೆಯ ಅಂಕಿ ಒರೆಸಿದೆ.

ಅಷ್ಟರಲ್ಲಿ ಸಾವ್ಕಾರ್ರ ಕಾರು ಧೂಳೆಬ್ಬಿಸಿಕೊಂಡು ಬಂತು. ಮಳೆಗಾಲದಲ್ಲಿ ಧೂಳೆಲ್ಲಿಂದ ಬಂತು ಎಂದು ಕೇಳಬೇಡಿ, ಅದು ನಮ್ಮ ಇದ್ದಿಲಿನ ಧೂಳು.

"ಏನ್ ಬರೀತಿದೀಯ?"

"ಮೂರು. ಮಂಡಳಿಗೂ ಫೋನ್ ಮಾಡಿ ಹೇಳಿದೀನಿ."

"ಹುಚ್ಚು ಹಿಡದೈತಾ ನಿಂಗೆ? ಅತ್ತ ನೋಡು!" ಎಂದು ರಸ್ತೆಗೆ ಕೈ ಚಾಚಿದರು. ಸಾಲುಗಟ್ಟಿ ಗಾಡಿಗಳು. "ಇಡೀ ಜಿಲ್ಲೆ ಈ ದಾರೀಲಿ ಹೊಂಟೈತೆ. ಇವತ್ತೇ ಬರೀಬೇಕಾ? ಸರ್ಕಾರಕ್ಕೆ ಹೇಳಿದೀಯಲ್ಲ, ಸಾಕು. ಅದು ಫೈಲಾಗೆ ಇರ್ತೈತೆ. ನೋಟೀಸ್ ಬರ್ತೈತೆ, ಉತ್ತರ ಕೊಡಾಣ. ಇದು ಹಂಗಲ್ಲ, ಮಾನ ಹೋಗ್ತೈತೆ. ನಿನ್ನೆದೇ ಅಂಕಿ ಬರಿ, ಒಂದಿನದ ಮಾತು."

"ಸರ್ಕಾರ ಹಳ್ಳದ ನೀರು ಕುಡಿಯಲ್ಲ ಸಾವ್ಕಾರ್ರೆ. ಕುರಿ ಕುಡೀತಾವೆ."

"ಕೆಲಸ ಬೇಕೋ ಬ್ಯಾಡ್ವೋ ನಿಂಗೆ?"

ನನಗೆ ಕೆಲಸ ಬೇಕಿತ್ತು. ಮನೆಗೆ ಆಸರೆಯಾಗಿದ್ದೇ ಆ ಕೆಲಸ. ಆದರೂ ಹಿಂದೆ ಸರಿಯಲಿಲ್ಲ, ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಸೀಮೆಸುಣ್ಣವನ್ನು ಅವರ ಮುಂದೆ ಹಿಡಿದೆ. "ಇದು ನಿಮ್ಮ ಮಂಡಿ ಹಲಗೆ. ರೇಟು ಬಿದ್ದ ದಿನ ಎಲ್ಲರೂ ಒರೆಸಿಕೊಂಡು ಒಳಗೆ ಹೋದಾಗ ನೀವೊಬ್ಬರೇ ಬರೆದಿರಿ ಅಂದಿರಿ. ಇವತ್ತು ನಿನ್ನೆಯ ಅಂಕಿ ಬರೀಬೇಕು ಅಂದ್ರೆ ನೀವೇ ಬರೀರಿ. ನಿಮ್ಮ ಕೈಯಾಗೇ ಬರೀರಿ."

ಅವರು ಸೀಮೆಸುಣ್ಣ ಮುಟ್ಟಲಿಲ್ಲ. ಹಲಗೆಯ ತಲೆಯ ಮೇಲೆ ಅರ್ಧ ಮಾಸಿದ ತಮ್ಮದೇ 'ಇಂದಿನ ದರ'ವನ್ನು ನೋಡುತ್ತಾ ನಿಂತರು. ಟ್ರಾಕ್ಟರ್ ಮೇಲಿನ ಹುಡುಗರು ನಮ್ಮನ್ನು ನೋಡಿ ಸಿಳ್ಳೆ ಹೊಡೆದುಕೊಂಡು ಹೋದರು. ಕೊನೆಗೆ ಸಾವ್ಕಾರ್ರು ಮುಖ ಬೇರೆ ಕಡೆ ತಿರುಗಿಸಿ ಹೇಳಿದರು.

"ಬರಿ. ದಪ್ಪಕ್ಕೆ ಬರಿ."

ದಪ್ಪಕ್ಕೆ ಬರೆದೆ. ಸೀಮೆಸುಣ್ಣವನ್ನು ಅಡ್ಡ ಹಿಡಿದು ಹಲಗೆ ತುಂಬ ಒಂದೇ ಒಂದು ಅಂಕಿ. ದೂರದ ತಿರುವಿನಿಂದಲೇ ಕಾಣುತ್ತಿತ್ತು.

ಮೊದಲು ಬ್ರೇಕ್ ಹಾಕಿದ್ದು ಹೊರಕೆರೆದೇವಪುರದ ಒಂದು ಟ್ರಾಕ್ಟರ್. ಕೋಡಿ ನೋಡಲು ಹೊರಟವರು. "ಏಯ್, ಮೂರಕ್ಕೆ ಬಿತ್ತಲೇ ಚಿಪ್ಪು!" ಎಂದು ಒಬ್ಬ ಧುಮುಕಿದ. ಇನ್ನೊಬ್ಬ ಆಗಲೇ ಫೋನ್ ಕಿವಿಗಿಟ್ಟಿದ್ದ. ಅದರ ಹಿಂದಿನ ಟೆಂಪೋ ನಿಂತಿತು, ಅದರ ಹಿಂದಿನ ಕಾರೂ ನಿಂತಿತು. ನೋಡನೋಡುತ್ತಿದ್ದಂತೆ ಗೇಟಿನ ಮುಂದೆ ಜಾತ್ರೆ. ಹೊಸದುರ್ಗದಿಂದ ಓಂಕಾರಪ್ಪ ನನಗೇ ಫೋನ್ ಮಾಡಿದ, "ನನ್ ಲೋಡು ಗೋಡೌನಾಗೈತೆ ಬೋರ್ಡಮ್ಮ, ಏನಾತು ಹೇಳ್ರಿ!" ಸುದ್ದಿ ಹೊಳಲ್ಕೆರೆಯನ್ನೂ ಮುಟ್ಟಿ ಬಂದಿತ್ತು. ಚಿಪ್ಪು ಹಾಳಾಗಿ ಹೋಯಿತು, ಸಾವ್ಕಾರ ಮೋಸ ಮಾಡಿದ ಎಂದು ಜನ ಗೇಟು ಅಲ್ಲಾಡಿಸತೊಡಗಿದರು.

ಮಾನ ಉಳಿಸಿಕೊಳ್ಳಲು ಓಡಿ ಬಂದಿದ್ದ ಮನುಷ್ಯ ಕೊನೆಗೆ ಏನು ಮಾಡಿದರು ಗೊತ್ತೇ? ಪಂಚೆ ಎತ್ತಿ ಕಟ್ಟಿ, ಅದೇ ಟ್ರಾಕ್ಟರಿನ ಟ್ರೈಲರ್ ಹತ್ತಿ, ಮಂಡಿಯಲ್ಲಿ ಹರಾಜು ಕೂಗುವ ದನಿಯಲ್ಲಿ ಕೂಗಿದರು.

"ಚಿಪ್ಪಿನ ರೇಟಲ್ರಪ್ಪೋ! ಚಿಪ್ಪು ಹೆಂಗಿತ್ತೋ ಹಂಗೇ ಐತೆ! ನಮ್ ಆಸಿಡ್ ನೀರು ಹಳ್ಳಕ್ಕೆ ಬಿದ್ದೈತೆ, ತಪ್ಪು ನಮ್ದೇಯ! ಯಾರೂ ದನ ಕುರಿ ಹಳ್ಳಕ್ಕೆ ಬಿಡಬ್ಯಾಡ್ರಿ! ಫೋನ್ ಮಾಡ್ರಿ, ಊರಿಗೆಲ್ಲ ಹೇಳ್ರಿ!"

ಚಿಪ್ಪಿನ ಸುದ್ದಿ ಯಾವ ದಾರಿಯಲ್ಲಿ ಹೋಗಿತ್ತೋ ಹಳ್ಳದ ಸುದ್ದಿಯೂ ಅದೇ ದಾರಿಯಲ್ಲಿ ಓಡಿತು. ಮೊದಲಿನದಕ್ಕಿಂತ ಬೇಗ ಓಡಿತು, ಯಾಕೆಂದರೆ ಈ ಸಲ ಎಲ್ಲರಿಗೂ ಜೀವ ಬಂದಿತ್ತು. ಚಿಪ್ಪಿನ ರೇಟು ಬಿದ್ದಿಲ್ಲ ಎಂಬ ಸಂತೋಷದಲ್ಲಿ ಹಳ್ಳದ ಮಾತನ್ನೂ ಸೇರಿಸಿ ಹೇಳಿದರು.

ಕೆಂಚಮ್ಮ ಬಂದದ್ದು ಆ ಗಲಾಟೆಯ ನಡುವೆ. ರಸ್ತೆಯ ತಿರುವಿನಲ್ಲಿ ಕುರಿಗಳ ಮುಂದೆ ಅವಳ ಕೆಂಪು ಸೀರೆ ಕಂಡಿತು. ನಾನು ಕೂಗಿದೆ, ಜನರ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಅವಳು ಎಂದಿನಂತೆ ಹಲಗೆಯ ಕಡೆ ಕಣ್ಣು ಹಾಯಿಸಿದಳು. ನಿಂತಳು. ಮರುಕ್ಷಣ ಕೋಲು ಅಡ್ಡ ಹಿಡಿದು ಮುಂದಿನ ಟಗರಿನ ಮೂತಿಗೆ ಒಡ್ಡಿದಳು. ಬಾಯಾರಿದ ಕುರಿಗಳಿಗೆ ನೀರಿನ ವಾಸನೆ ಆಗಲೇ ಹತ್ತಿತ್ತು. ಹಿಂದಿನವು ಮುಂದಿನವನ್ನು ತಳ್ಳಿ ಹಳ್ಳದ ಇಳಿಜಾರಿಗೆ ನುಗ್ಗಿದವು.

"ಮೂರೈತೆ, ಮೂರೈತೆ! ತಿರುಗ್ರಲೇ!" ಎಂದು ಅವಳು ಕಿರುಚುತ್ತಿದ್ದಳು.

ಕೋಡಿ ನೋಡಲು ಹೊರಟಿದ್ದ ಜನ ಗಾಡಿ ಬಿಟ್ಟು ಓಡಿದರು. ಹಳ್ಳದ ದಂಡೆಯ ಉದ್ದಕ್ಕೂ ಸಾಲಾಗಿ ನಿಂತು ಟವೆಲ್ ಬೀಸಿದರು, ಹೊಸ ಸೀರೆಯುಟ್ಟ ಹೆಂಗಸರು ಸೆರಗು ಬೀಸಿದರು, ಒಬ್ಬ ಮಗುವಿನ ಛತ್ರಿಯನ್ನೇ ಬಿಚ್ಚಿ ಕುರಿಗಳ ಮುಂದೆ ಕುಣಿದ. ಸಾವ್ಕಾರ್ರು ಒಂದು ಮರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಏದುಸಿರು ಬಿಡುತ್ತಾ ಮೇಲೆ ಬಂದರು. ಅವರ ಬಿಳಿ ಅಂಗಿಯ ಮೇಲೆ ಮರಿ ಉಚ್ಚೆ ಹೊಯ್ದಿತ್ತು. ಒಂದು ಕುರಿಯೂ ನೀರಿಗೆ ಬಾಯಿ ಹಾಕಲಿಲ್ಲ. ನಾನು ಅಲ್ಲೇ ಕುಕ್ಕರಿಸಿ ಅತ್ತೆ.

ಎಲ್ಲವೂ ಉಳಿಯಿತು ಎಂದರೆ ಸುಳ್ಳಾಗುತ್ತದೆ. ಸಂಜೆಯ ಹೊತ್ತಿಗೆ ಹಳ್ಳದ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ನಾವು ಸುಣ್ಣದ ಚೀಲಗಳನ್ನು ಸುರಿದು ಹುಳಿ ಮುರಿಯುವುದರೊಳಗೆ ದಂಡೆಯ ಹಸಿರೂ ಕಂದಿತು. ಮಂಡಳಿಯವರು ಬಂದು ಸ್ಯಾಂಪಲ್ ತೆಗೆದರು, ನೋಟೀಸ್ ಕೊಟ್ಟರು. ತೊಟ್ಟಿಗೆ ಎತ್ತರದ ಗೋಡೆ, ನೀರು ಏರಿದರೆ ಕೂಗುವ ಗಂಟೆ, ಎರಡನೆಯ ಸುಣ್ಣದ ಪೈಪು ಇವೆಲ್ಲ ಆಗುವವರೆಗೆ ಆಸಿಡ್ ತೊಳೆಯುವ ಕೆಲಸ ನಿಲ್ಲಿಸಿದರು. ಹಳ್ಳ ಸರಿಯಾಗುವವರೆಗೆ ಕುರಿಗಳಿಗೆ ನಮ್ಮ ಬೋರ್‌ವೆಲ್ ನೀರು ಟ್ಯಾಂಕರಿನಲ್ಲಿ ಹೋಯಿತು. ತಿಮ್ಮೇಶಿ ಸಾವ್ಕಾರ್ರ ಮುಂದೆ ಬಂದು ಕೈಕಟ್ಟಿ ನಿಂತ. ನಾವೆಲ್ಲ ಅವನ ಕೆಲಸ ಹೋಯಿತೆಂದೇ ಎಣಿಸಿದ್ದೆವು.

"ನಿನ್ನೇನು ಬೈಯಲೋ," ಎಂದರು ಸಾವ್ಕಾರ್ರು. "ಕೋಡಿ ನೋಡಾಕೆ ನಾನೂ ಹೋಗಿದ್ನಲ್ಲ. ಹೋಗು, ತೊಟ್ಟಿ ನೋಡ್ಕ ಹೋಗು."

ಸೆಪ್ಟೆಂಬರ್ ಮುಗಿಯುವ ಮೊದಲೇ ವರ್ಷದ ವರದಿ ಕಳಿಸಿದೆ. ಹಿಂದಿನ ವರ್ಷಗಳ ವರದಿಯಲ್ಲಿ ಅಪಘಾತದ ಮಾತು ಬರುವ ಕಡೆ ಬರೀ 'ಇಲ್ಲ' ಎಂದಿರುತ್ತಿತ್ತು. ನಾನು ಆಗಿದ್ದನ್ನು ಆದಂತೆ ಬರೆದೆ, ಸತ್ತ ಮೀನಿನ ಸಮೇತ. ಸಾವ್ಕಾರ್ರು ಓದಿ ಸಹಿ ಹಾಕಿದರು. ಅನುಮತಿ ನವೀಕರಣವೂ ಆಯಿತು, ಹತ್ತಾರು ಷರತ್ತಿನ ಜೊತೆ. ಚಿಪ್ಪಿನ ಗಾಡಿಗಳು ಬರುವುದು ಒಂದು ದಿನವೂ ನಿಲ್ಲಲಿಲ್ಲ. ಕೆಟ್ಟ ಅಂಕಿಯನ್ನೂ ಬರೆಯುವ ಗೇಟು ಎಂದು ಜನ ನಮ್ಮ ತೂಕವನ್ನೂ ಹೆಚ್ಚು ನಂಬಿದರು. ಸಾವ್ಕಾರ್ರು ಇದನ್ನು ತಮ್ಮದೇ ಬುದ್ಧಿವಂತಿಕೆ ಎಂಬಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ನಾನು ತಿದ್ದಲು ಹೋಗಲಿಲ್ಲ. ಕೋಡಿಯನ್ನು ಮಾತ್ರ ನಾನು ಆಮೇಲೂ ಹೋಗಿ ನೋಡಲಿಲ್ಲ. ಆ ಹೊಟ್ಟೆಕಿಚ್ಚು ಈಗಲೂ ಇದೆ.

ಮೊನ್ನೆ ಬಸ್ಸಿಳಿದು ನಿಂತರೆ ಗೇಟು ಗುರುತೇ ಸಿಗಲಿಲ್ಲ. ಕಮಲದ ಬೋರ್ಡು ಹೋಗಿ, ಕೆಂಪು ಅಂಕಿ ಓಡುವ ದೊಡ್ಡ ವಿದ್ಯುತ್ ಬೋರ್ಡು ಬಂದಿದೆ. ನೀರು, ಹೊಗೆ ಎಲ್ಲದರ ಲೆಕ್ಕ ಅದರಲ್ಲಿ ತಾನಾಗಿ ಮೂಡುತ್ತದಂತೆ. ನಾನು ಹೋದಾಗ ಕರೆಂಟಿರಲಿಲ್ಲ, ಅದು ಕಣ್ಣು ಮುಚ್ಚಿ ನಿಂತಿತ್ತು. ಅದರ ಕಾಲ ಬುಡದಲ್ಲಿ ನನ್ನ ಕರಿಹಲಗೆ. ತಲೆಯ ಮೇಲೆ 'ಇಂದಿನ ದರ', ಅಡ್ಡಡ್ಡ ವಿಭೂತಿ ಪಟ್ಟೆ. ಅಂಕಿಯ ಜಾಗ ಬಿಟ್ಟು ಬಳಿದಿದ್ದರು. ಬೆಳಿಗ್ಗೆ ಯಾರೋ ಬರೆದ ಅಂಕಿ ಬೆಳ್ಳಗೆ, ದಪ್ಪಕ್ಕೆ ಇತ್ತು.

ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಕುರಿಗಳ ಗೊರಸಿನ ಸದ್ದು ಕೇಳಿತು. ಕೆಂಚಮ್ಮನಿಗೆ ಈಗ ನಡು ಸ್ವಲ್ಪ ಬಾಗಿದೆ. ಅವಳು ನನ್ನನ್ನು ನೋಡಲಿಲ್ಲ. ನೇರವಾಗಿ ಹಲಗೆಯ ಮುಂದೆ ಬಂದು, ಕೋಲೂರಿ, ಕಣ್ಣು ಕಿರಿದು ಮಾಡಿ ಅಂಕಿಯನ್ನೇ ನೋಡಿದಳು. ಕುರಿಗಳೂ ಅವಳ ಹಿಂದೆ ನಿಂತು ಕಾದವು. ಆಮೇಲೆ ಅವಳು ಕೋಲನ್ನು ಹಳ್ಳದ ಕಡೆ ಚಾಚಿದಳು.

"ಏಳೈತೆ," ಎಂದಳು ಕುರಿಗಳಿಗೆ. "ನಡೀರಿ, ಕುಡೀರಿ."